ಬ್ಲ್ಯಾಕ್‌ಕರಂಟ್‌ಗೆ ನುಸಿ ಬಿದ್ದಿದೆ, ಬದಲಿಗೆ ಜೋಸ್ಟಾಬೆರಿ ಹಾಕಬಹುದಾ?

ಲೀಡ್ಸ್_ಸುಮಾ
ಎಲ್ಲರಿಗೂ ನಮಸ್ಕಾರ. ಎರಡು ವರ್ಷದ ಹಿಂದೆ ನಮಗೆ ಇಲ್ಲಿ ಅರ್ಧ ಅಲಾಟ್‌ಮೆಂಟ್ (ತರಕಾರಿ, ಹಣ್ಣು ಬೆಳೆಯಲು ಬಾಡಿಗೆಗೆ ಕೊಡುವ ತುಂಡು ಜಾಗ) ಸಿಕ್ಕಿತು, ಸುಮಾರು 125 ಚದರ ಮೀಟರ್. ಹಿಂದೆ ಇದ್ದವರು ಐದು ಬ್ಲ್ಯಾಕ್‌ಕರಂಟ್ ಗಿಡ ಬಿಟ್ಟು ಹೋಗಿದ್ದರು. ಮೊದಲ ಬೇಸಿಗೆಯಲ್ಲಿ ಆರು ಬಾಟಲಿ ಜಾಮ್ ಆಗುವಷ್ಟು ಹಣ್ಣು ಬಂತು. ಕಳೆದ ವರ್ಷ ಒಂದು ಬಟ್ಟಲು ಕೂಡ ತುಂಬಲಿಲ್ಲ. ಹೂ ಬಿಟ್ಟಿತು, ಉದುರಿತು, ಅಷ್ಟೇ.

ಈ ಭಾನುವಾರ ಹೋಗಿ ನೋಡಿದರೆ ಕೊಂಬೆಗಳ ತುಂಬ ಮೊಗ್ಗು ಊದಿಕೊಂಡಿವೆ. ಒಳ್ಳೆಯ ಮೊಗ್ಗು ಉದ್ದಕ್ಕೆ ಚೂಪಾಗಿರುತ್ತದೆ ಅಲ್ವಾ, ಇವು ಪುಟ್ಟ ಎಲೆಕೋಸಿನ ಹಾಗೆ ಗುಂಡಗಿವೆ. ಪಕ್ಕದ ಪ್ಲಾಟಿನ ಹಿರಿಯರೊಬ್ಬರು ಬಂದು ನೋಡಿ, ಇದು ಬಿಗ್ ಬಡ್, ಮೊಗ್ಗಿನೊಳಗೆ ನುಸಿ ಸೇರಿದೆ, ಕಿತ್ತು ಸುಟ್ಟುಬಿಡು ಅಂದರು. ಬದಲಿಗೆ ಜೋಸ್ಟಾಬೆರಿ ಹಾಕು, ಅದಕ್ಕೆ ಈ ಕಾಟ ಇಲ್ಲ ಅಂತಲೂ ಹೇಳಿದರು. ಬ್ಲ್ಯಾಕ್‌ಕರಂಟ್‌ಗೂ ಗೂಸ್‌ಬೆರಿಗೂ ಹುಟ್ಟಿದ ಹೈಬ್ರಿಡ್ ಅಂತೆ.

ಯಾರಾದರೂ ಬೆಳೆದಿದ್ದೀರಾ? ರುಚಿ ಹೇಗಿದೆ? ನನ್ನ ಮಗಳಿಗೆ ಬ್ಲ್ಯಾಕ್‌ಕರಂಟ್ ಜಾಮ್ ಅಂದರೆ ಪ್ರಾಣ. ಅದಕ್ಕೇ ಕೇಳುತ್ತಿದ್ದೇನೆ.

ಹಿತ್ತಲಗಿಡ
ಸುಮಾ ಅವರೇ, ನಾನು ನಾರಿಚ್‌ನಲ್ಲಿ ಒಂಬತ್ತು ವರ್ಷದಿಂದ ಜೋಸ್ಟಾ ಬೆಳೆಯುತ್ತಿದ್ದೇನೆ. ಕಣ್ಣು ಮುಚ್ಚಿಕೊಂಡು ಹಾಕಿ. ಮುಳ್ಳಿಲ್ಲ. ನುಸಿ ಬಂದಿಲ್ಲ. ಗೂಸ್‌ಬೆರಿಗೆ ಬರುವ ಬೂದಿ ರೋಗವೂ ಬಂದಿಲ್ಲ. ಕಳೆದ ಜುಲೈನಲ್ಲಿ ಒಂದೇ ಗಿಡದಿಂದ ನಾಲ್ಕು ಕೆಜಿ ಕಿತ್ತೆ. ಹಣ್ಣು ಬ್ಲ್ಯಾಕ್‌ಕರಂಟ್‌ಗಿಂತ ದೊಡ್ಡದು, ಗೂಸ್‌ಬೆರಿಗಿಂತ ಸಣ್ಣದು. ಚೆನ್ನಾಗಿ ಮಾಗಿದರೆ ಹೆಚ್ಚುಕಡಿಮೆ ಕಪ್ಪು.

ಒಂದೇ ಎಚ್ಚರಿಕೆ, ಜಾಗ ಬೇಕು. ಎರಡು ಮೀಟರ್ ಎತ್ತರ, ಅಷ್ಟೇ ಅಗಲ ಬೆಳೆಯುತ್ತದೆ. ಐದು ಗಿಡ ಇದ್ದ ಜಾಗದಲ್ಲಿ ಎರಡೇ ಹಾಕಿ.

ಪರ್ತ್_ಕೆಂಪುಮಣ್ಣು
ಸ್ವಲ್ಪ ನಿಲ್ಲಿ. ನುಸಿ ಬಂತು ಅಂತ ಬ್ಲ್ಯಾಕ್‌ಕರಂಟನ್ನೇ ಬಿಡಬೇಕಾ? ನಾನು ಇರುವುದು ಸ್ಕಾಟ್ಲೆಂಡಿನ ಪರ್ತ್. ಇಲ್ಲಿಂದ ಅರ್ಧ ಗಂಟೆ ದೂರದ ಇನ್ವರ್‌ಗೌರಿಯ ಸಂಶೋಧನಾ ಕೇಂದ್ರದಲ್ಲೇ ‘ಬೆನ್’ ಹೆಸರಿನ ತಳಿಗಳೆಲ್ಲ ಹುಟ್ಟಿದ್ದು. ಬೆನ್ ಲೊಮಂಡ್, ಬೆನ್ ಸಾರೆಕ್, ಬೆನ್ ಕಾನನ್, ಹೆಚ್ಚಿನವು ಸ್ಕಾಟಿಷ್ ಬೆಟ್ಟಗಳ ಹೆಸರು. ಅದರಲ್ಲಿ ಬೆನ್ ಹೋಪ್ ಅನ್ನುವ ತಳಿ ಈ ಮೊಗ್ಗಿನ ನುಸಿಯನ್ನು ತಡೆಯುತ್ತದೆ. 1998ರಿಂದ ಸಿಗುತ್ತಿದೆ. ಹಣ್ಣೂ ಜಾಸ್ತಿ.

ಮಗಳಿಗೆ ಬ್ಲ್ಯಾಕ್‌ಕರಂಟ್ ಇಷ್ಟ ಅಂದರೆ ಬ್ಲ್ಯಾಕ್‌ಕರಂಟೇ ಹಾಕಿ. ಜೋಸ್ಟಾದಲ್ಲಿ ಆ ಘಾಟು ಇಲ್ಲ. ಅದರ ಎಲೆಯನ್ನು ಕೈಯಲ್ಲಿ ತಿಕ್ಕಿ ಮೂಸಿ ನೋಡಿ, ಏನೂ ವಾಸನೆ ಬರಲ್ಲ. ಬ್ಲ್ಯಾಕ್‌ಕರಂಟ್ ಎಲೆ ತಿಕ್ಕಿದರೆ ಸಂಜೆವರೆಗೂ ಕೈ ಘಮಘಮ.

ಹಿತ್ತಲಗಿಡ
ಎಲೆಯ ವಿಷಯ ಒಪ್ಪಿದೆ. ಆದರೆ ನಾವು ತಿನ್ನುವುದು ಹಣ್ಣನ್ನು ಅಲ್ವಾ ಸರ್. ಬ್ಲ್ಯಾಕ್‌ಕರಂಟನ್ನು ಹಸಿಯಾಗಿ ತಿನ್ನುವ ಮಕ್ಕಳು ಎಷ್ಟು ಜನ? ನಮ್ಮ ಮನೆ ಹುಡುಗರು ಜೋಸ್ಟಾ ಗಿಡದ ಹತ್ತಿರವೇ ನಿಂತು ತಿನ್ನುತ್ತಾರೆ.

ತಿಪಟೂರಿನವನು
ನುಸಿ ಅಂದ ಕೂಡಲೇ ಎದೆ ಝಲ್ಲೆಂದಿತು. 1998ರಲ್ಲಿ ಕೇರಳದಲ್ಲಿ ಕಾಣಿಸಿಕೊಂಡ ತೆಂಗಿನ ನುಸಿ ಆಮೇಲೆ ನಮ್ಮ ಕಡೆಗೂ ಬಂತು. ಕಾಯಿ ಮೇಲೆ ಕಂದು ಕಲೆ, ಸೀಳು. ಕಾಯಿ ಸಣ್ಣದಾಯಿತು, ಮಟ್ಟೆ ಕಲ್ಲಿನ ಹಾಗೆ ಗಟ್ಟಿ. ಅಪ್ಪ ಬೇವಿನೆಣ್ಣೆ, ಬೆಳ್ಳುಳ್ಳಿ, ಸೋಪು ಕಲಸಿ ಹೊಡೆಸಿದ್ದು ನೆನಪಿದೆ. ಮರ ಹತ್ತುವವರ ಕೂಲಿಗೇ ದುಡ್ಡು ಸಾಲುತ್ತಿರಲಿಲ್ಲ. ಇದೂ ಅದೇ ಹುಳವಾ?

ಪರ್ತ್_ಕೆಂಪುಮಣ್ಣು
ಅದೇ ಅಲ್ಲ, ಅದರ ದಾಯಾದಿ. ಎರಡೂ ಎರಿಯೊಫಿಡ್ ಅನ್ನುವ ಒಂದೇ ಕುಟುಂಬದ ನುಸಿಗಳು. ಬರಿಗಣ್ಣಿಗೆ ಕಾಣಲ್ಲ. ತೆಂಗಿನದು ಎಳೆಗಾಯಿಯ ತೊಟ್ಟಿನ ಒಳಗೆ ಅವಿತುಕೊಳ್ಳುತ್ತದೆ. ಬ್ಲ್ಯಾಕ್‌ಕರಂಟಿನದು ಮೊಗ್ಗಿನ ಒಳಗೆ. ಒಂದು ಮೊಗ್ಗಿನಲ್ಲಿ ಸಾವಿರಗಟ್ಟಲೆ ಇರುತ್ತವೆ, ಅದಕ್ಕೇ ಅದು ಊದುವುದು. ಒಳಗೇ ಇರುವುದರಿಂದ ಔಷಧಿ ಹೊಡೆದರೆ ತಾಗುವುದಿಲ್ಲ. ಮನೆ ತೋಟದವರು ಹೊಡೆಯಲು ಇಲ್ಲಿ ಇದಕ್ಕೆ ಔಷಧಿ ಇಲ್ಲವೇ ಇಲ್ಲ.

ನುಸಿ ತರುವ ವೈರಸ್ ಇನ್ನೂ ಕೆಟ್ಟದ್ದು. ರಿವರ್ಶನ್ ಅಂತಾರೆ. ಗಿಡ ಸಾಯಲ್ಲ, ಎಲೆ ಹಸಿರಾಗೇ ಇರುತ್ತದೆ, ಆದರೆ ಹಣ್ಣು ಕಟ್ಟುವುದಿಲ್ಲ. ಸುಮಾ ಅವರು ಹೇಳಿದ್ದು ನೋಡಿದರೆ, ಹೂ ಬಿಟ್ಟು ಉದುರಿತು ಅಂದರಲ್ಲ, ವೈರಸ್ಸೂ ಬಂದಿದೆ ಅನಿಸುತ್ತದೆ. ಊದಿದ ಮೊಗ್ಗು ಚಿವುಟಿ ಉಳಿಸಿಕೊಳ್ಳುವ ಹಂತ ದಾಟಿದೆ. ಐದನ್ನೂ ಬೇರುಸಹಿತ ತೆಗೆಯಿರಿ. ಮಾರ್ಚ್ ಒಳಗೆ ಮುಗಿಸಿ. ಬಿಸಿಲು ಏರಿದ ಮೇಲೆ ನುಸಿ ಮೊಗ್ಗಿನಿಂದ ಹೊರಟು ಗಾಳಿಯಲ್ಲಿ, ಬೇರೆ ಹುಳಗಳ ಮೈಗೆ ಅಂಟಿಕೊಂಡು, ಪಕ್ಕದವರ ಗಿಡಕ್ಕೂ ಹೋಗುತ್ತದೆ.

ರೀಡಿಂಗ್_ಮಂಜುಳಾ
ಕಿತ್ತ ಜಾಗದಲ್ಲಿ ಮೂರು ವರ್ಷ ಏನೂ ಹಾಕಬಾರದು ಅಂತ ಕೇಳಿದ್ದೆ. ಮಣ್ಣಲ್ಲಿ ರೋಗ ಉಳಿಯುತ್ತೆ.

ಹಿತ್ತಲಗಿಡ
ಇಲ್ಲ ಮಂಜುಳಾ ಅವರೇ. ಈ ನುಸಿಯೂ ವೈರಸ್ಸೂ ಬದುಕುವುದು ಜೀವಂತ ಗಿಡದಲ್ಲಿ, ಮಣ್ಣಿನಲ್ಲಲ್ಲ. ಆದರೆ ಬೇರಿನ ತುಂಡು ಬಿಟ್ಟರೆ ಅದು ಚಿಗುರುತ್ತದೆ, ಆ ಚಿಗುರಿನಲ್ಲಿ ರೋಗ ಮತ್ತೆ ಶುರು. ಹಾಗಾಗಿ ಬೇರು ಪೂರ್ತಿ ಬರಬೇಕು. ಆದರೂ ಬೇರೆ ಜಾಗ ಇದ್ದರೆ ಅಲ್ಲೇ ನೆಡುವುದು ಒಳ್ಳೆಯದು. ಹತ್ತಾರು ವರ್ಷ ಒಂದೇ ಗಿಡ ನಿಂತ ಮಣ್ಣು ಸೊರಗಿರುತ್ತದೆ.

ಬೇಲಿಯಾಚೆ
ಹೈಬ್ರಿಡ್ ಅಂದ ಮೇಲೆ ನನಗೆ ಸರಿ ಬರಲ್ಲ. ಊರಲ್ಲಿ ಹೈಬ್ರಿಡ್ ಟೊಮೆಟೊ ಬೀಜ ಪ್ರತಿ ವರ್ಷ ಅಂಗಡಿಯಿಂದಲೇ ತರಬೇಕು. ಇಟ್ಟುಕೊಂಡ ಬೀಜ ಹಾಕಿದರೆ ಮೊದಲಿನ ಹಾಗೆ ಬರಲ್ಲ. ನಾಟಿ ತಳಿ ಬಿಟ್ಟು ಇದ್ಯಾಕೆ?

ಕಲೋನ್_ಕಿರಣ
ಬೇಲಿಯಾಚೆ ಅವರೇ, ಆ ಭಯ ಇಲ್ಲಿ ಬೇಡ. ಇದನ್ನು ಬೀಜದಿಂದ ಬೆಳೆಸುವುದೇ ಇಲ್ಲ, ಕಡ್ಡಿಯಿಂದ. ಒಂದು ಗಿಡ ತಂದರೆ ಮುಂದೆ ನೀವೇ ಬೇಕಾದಷ್ಟು ಮಾಡಿಕೊಳ್ಳಬಹುದು. ಬೇರೆ ಜೀವಿಯ ಜೀನ್ ಸೇರಿಸಿದ್ದೂ ಅಲ್ಲ. ಹೂವಿನ ಪರಾಗ ಹಚ್ಚಿಯೇ ಮಾಡಿದ್ದು.

ಇದರ ಕಥೆ ಹೇಳಲೇಬೇಕು. ನಾನಿರುವ ಕಲೋನ್‌ನಲ್ಲೇ ಇದು ಪೂರ್ತಿಯಾಗಿದ್ದು. 1880ರ ದಶಕದಲ್ಲಿ ಇಂಗ್ಲೆಂಡಿನ ಯಾರ್ಕ್‌ಷೈರ್‌ನಲ್ಲಿ ಕಲ್ವರ್‌ವೆಲ್ ಅನ್ನುವ ತೋಟಗಾರ ಗೂಸ್‌ಬೆರಿಗೂ ಬ್ಲ್ಯಾಕ್‌ಕರಂಟ್‌ಗೂ ಕೂಡಿಸಿ ಗಿಡ ಮಾಡಿದ್ದರು. ಗಿಡ ಬಂತು, ಹಣ್ಣು ಸರಿಯಾಗಿ ಕಟ್ಟಲಿಲ್ಲ. ಕುದುರೆ, ಕತ್ತೆಗೆ ಹುಟ್ಟಿದ ಹೇಸರಗತ್ತೆಗೆ ಮರಿ ಆಗಲ್ಲವಲ್ಲ, ಹಾಗೇ. ಆಮೇಲೆ ಜರ್ಮನಿಯಲ್ಲಿ ಎರ್ವಿನ್ ಬಾವರ್ ಅನ್ನುವ ವಿಜ್ಞಾನಿ ಕೈ ಹಾಕಿದರು. ಎರಡನೇ ಮಹಾಯುದ್ಧದಲ್ಲಿ ಹೆಚ್ಚಿನದೆಲ್ಲ ಹಾಳಾಯಿತು. ಕೊನೆಗೆ ರುಡಾಲ್ಫ್ ಬಾವರ್ ಇಲ್ಲಿನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯಲ್ಲಿ ಅದನ್ನು ದಡ ಮುಟ್ಟಿಸಿದರು. 1977ರಲ್ಲಿ ಜನರ ಕೈಗೆ ಬಂತು.

ಬಂಜೆತನ ಹೋಗಿದ್ದು ಕಾಲ್ಚಿಸಿನ್ ಅನ್ನುವ ವಸ್ತುವಿನಿಂದ. ಅದು ಗಿಡದ ಕ್ರೋಮೋಸೋಮ್ ಸಂಖ್ಯೆಯನ್ನು ದುಪ್ಪಟ್ಟು ಮಾಡುತ್ತದೆ. ಇದರಲ್ಲಿ 16 ಇದ್ದದ್ದು 32 ಆಯಿತು, ಗಿಡ ಹಣ್ಣು ಬಿಟ್ಟಿತು. ನಮ್ಮ ಮಲೆನಾಡಿನ ಬೇಲಿಯಲ್ಲಿ ಗೌರಿ ಹಬ್ಬದ ಹೊತ್ತಿಗೆ ಅರಳುವ ಅಗ್ನಿಶಿಖೆ ಇದೆಯಲ್ಲ, ಅದರ ಗೆಡ್ಡೆಯಲ್ಲೂ ಇದೇ ಕಾಲ್ಚಿಸಿನ್ ಇದೆ. ಅದಕ್ಕೇ ಅದು ವಿಷ.

ಇನ್ನೊಂದು, ಇದು ಎರಡರ ಮಿಶ್ರಣ ಅಲ್ಲ, ಮೂರರದ್ದು. ಬ್ಲ್ಯಾಕ್‌ಕರಂಟ್, ಯುರೋಪಿನ ಗೂಸ್‌ಬೆರಿ, ಜೊತೆಗೆ ಅಮೆರಿಕದ ಪಶ್ಚಿಮ ಕರಾವಳಿಯ ಕಾಡು ಕಪ್ಪು ಗೂಸ್‌ಬೆರಿ. ಹೆಸರು ‘ಯೋಸ್ಟಾ’ ಅಂತ ಓದಬೇಕು. ಜರ್ಮನ್‌ನಲ್ಲಿ ಕರಂಟ್‌ಗೆ ಯೊಹಾನಿಸ್‌ಬೇರೆ, ಗೂಸ್‌ಬೆರಿಗೆ ಶ್ಟಾಖೆಲ್‌ಬೇರೆ. ಅದರ ಯೊ, ಇದರ ಸ್ಟಾ.

ಹಿತ್ತಲಗಿಡ
ಇಂಗ್ಲೆಂಡಿನ ನರ್ಸರಿಯಲ್ಲಿ ಯೋಸ್ಟಾ ಅಂದರೆ ಯಾರಿಗೂ ತಿಳಿಯಲ್ಲ ಕಿರಣ್. ಜೋಸ್ಟಾ ಅಂತಲೇ ಕೇಳಿ.

ಬೇಲಿಯಾಚೆ
ಕಡ್ಡಿಯಿಂದ ಬರುತ್ತದೆ ಅಂದರೆ ನನ್ನ ಆಕ್ಷೇಪ ವಾಪಸ್. ನನಗೂ ಒಂದು ಕಡ್ಡಿ ಬೇಕು.

ಮೈಸೂರು_ಬ್ರಿಸ್ಟಲ್
ಹೈಬ್ರಿಡ್ ಬೆರಿ ಅಂದರೆ ಟೇಬೆರಿ, ಲೋಗನ್‌ಬೆರಿ ಅಲ್ವಾ? ನಮ್ಮ ಹಿತ್ತಲಲ್ಲಿ ಟೇಬೆರಿ ಇದೆ, ತುಂಬಾ ರುಚಿ. ಸುಮಾ ಅವರಿಗೆ ಅದೇ ಹೇಳೋಣ ಅಂದುಕೊಂಡೆ.

ಪರ್ತ್_ಕೆಂಪುಮಣ್ಣು
ಅವು ಬೇರೆ ವಂಶ. ಟೇಬೆರಿ, ಲೋಗನ್‌ಬೆರಿ ಎರಡೂ ಬ್ಲ್ಯಾಕ್‌ಬೆರಿ ಮತ್ತು ರಾಸ್ಪ್‌ಬೆರಿಯ ಮಕ್ಕಳು. ಪೊದೆ ಅಲ್ಲ, ಉದ್ದ ಬಳ್ಳಿಯಂತಹ ಕೋಲು. ತಂತಿ ಕಟ್ಟಿ ಹಬ್ಬಿಸಬೇಕು. ಟೇಬೆರಿಯೂ ನಮ್ಮ ಇನ್ವರ್‌ಗೌರಿಯದ್ದೇ, 1979ರಲ್ಲಿ ಬಂದದ್ದು. ಟೇ ನದಿಯ ಹೆಸರು ಇಟ್ಟರು. ನಮ್ಮ ಮನೆಯಿಂದ ಆ ನದಿಗೆ ನಡೆದೇ ಹೋಗಬಹುದು. ಹಣ್ಣು ಚೆನ್ನ, ಆದರೆ ಬ್ಲ್ಯಾಕ್‌ಕರಂಟ್‌ಗೆ ಬದಲಿ ಆಗಲ್ಲ.

ವೂಸ್ಟರ್‌ಬೆರಿ ಅಂತಲೂ ಮಾರುತ್ತಾರೆ, ಅದನ್ನೂ ಹೈಬ್ರಿಡ್ ಅಂತ ನಂಬಿದ್ದರು. ಅಲ್ಲ. ಕಿರಣ್ ಹೇಳಿದ ಆ ಅಮೆರಿಕದ ಕಾಡು ಗೂಸ್‌ಬೆರಿಯೇ ಅದು. ಮುಳ್ಳು ಅಂದರೆ ಮುಳ್ಳು. ಮಕ್ಕಳಿರುವ ಕಡೆ ಹಾಕಬೇಡಿ.

ಸಾಗರದ_ಹುಡುಗಿ
ಗೂಸ್‌ಬೆರಿ ಅಂದರೆ ನಮ್ಮ ನೆಲ್ಲಿಕಾಯಿ ಅಂದುಕೊಂಡಿದ್ದೆ ಇಷ್ಟು ದಿನ!

ಅಡುಗೆಮನೆ_ಶಾರದಾ
ಬಹಳ ಜನ ಹಾಗೇ ಅಂದುಕೊಳ್ಳುತ್ತಾರಮ್ಮ. ಬ್ರಿಟಿಷರು ನೆಲ್ಲಿಕಾಯಿಗೆ ಇಂಡಿಯನ್ ಗೂಸ್‌ಬೆರಿ ಅಂತ ಹೆಸರಿಟ್ಟರು. ಎರಡಕ್ಕೂ ಸಂಬಂಧವೇ ಇಲ್ಲ. ಬುಡ್ಡೆ ಹಣ್ಣಿಗೆ ಕೇಪ್ ಗೂಸ್‌ಬೆರಿ ಅಂತಾರೆ, ಅದು ಟೊಮೆಟೊ ಬಳಗದ್ದು. ಕರಂಟ್ ವಿಷಯವೂ ಅಷ್ಟೇ. ಇಲ್ಲಿ ಕೇಕಿಗೆ ಹಾಕುವ ಒಣ ಕರಂಟ್ ಅಂದರೆ ಸಣ್ಣ ಕಪ್ಪು ದ್ರಾಕ್ಷಿ. ನಾನು ಬೆಂಗಳೂರಲ್ಲಿದ್ದಾಗ ಬ್ಲ್ಯಾಕ್‌ಕರಂಟ್ ಐಸ್‌ಕ್ರೀಮ್ ತಿಂದರೆ ಬಾಯಿಗೆ ಸಿಗುತ್ತಿದ್ದದ್ದು ಒಣದ್ರಾಕ್ಷಿ. ನಿಜವಾದ ಬ್ಲ್ಯಾಕ್‌ಕರಂಟ್ ರುಚಿ ನೋಡಿದ್ದು ಈ ದೇಶಕ್ಕೆ ಬಂದ ಮೇಲೆಯೇ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಸುಮಾ, ಜೋಸ್ಟಾವನ್ನು ಜಾಮ್‌ಗೆ ಮಾತ್ರ ನೋಡಬೇಡಿ. ಜೂನ್‌ನಲ್ಲಿ ಕಾಯಿ ಹಸಿರಾಗಿ, ಗಟ್ಟಿಯಾಗಿ, ಹುಳಿಯಾಗಿ ಇರುತ್ತದೆ. ಆಗ ಒಂದೆರಡು ಹಿಡಿ ಕಿತ್ತು ಗೊಜ್ಜು ಮಾಡಿ. ಸಾಸಿವೆ, ಮೆಂತ್ಯ, ಒಣಮೆಣಸು, ಇಂಗು ಒಗ್ಗರಣೆ ಹಾಕಿ ಕಾಯಿ ಬಾಡಿಸಿ. ಉಪ್ಪು, ಅರಿಶಿನ, ಬೆಲ್ಲ ಹಾಕಿ ಕುದಿಸಿ. ಹುಣಸೆಹಣ್ಣು ಬೇಡ. ನಾನು ಜಜ್ಜಿ ಚಿತ್ರಾನ್ನಕ್ಕೂ ಹಾಕುತ್ತೇನೆ, ಮಾವಿನಕಾಯಿ ಚಿತ್ರಾನ್ನದ ಹಾಗೆ. ಇಲ್ಲಿ ಸಿಗುವ ಹಸಿ ಮಾವಿನಕಾಯಿಯ ಬೆಲೆ ನಿಮಗೆಲ್ಲ ಗೊತ್ತಲ್ಲ. ಯುಗಾದಿಗೆ ಇದು ಸಿಗಲ್ಲ ಅನ್ನುವುದೊಂದೇ ಬೇಸರ.

ಸಾಗರದ_ಹುಡುಗಿ
ಕವಳಿಕಾಯಿ ನೆನಪಾಯಿತು ಶಾರದಕ್ಕ. ಅಮ್ಮ ಅದರ ಉಪ್ಪಿನಕಾಯಿ ಹಾಕುತ್ತಿದ್ದರು. ಹಣ್ಣಾದರೆ ಅದೂ ಕಪ್ಪು, ಹುಳಿಸಿಹಿ. ಬೇಲಿ ಮುಳ್ಳಲ್ಲಿ ಕೈ ಗೀರಿಸಿಕೊಂಡು ಕೀಳುತ್ತಿದ್ದೆವು.

ಕಾಫಿಗಿಡ
ನಾನು ಚಿಕ್ಕಮಗಳೂರು. ಈ ಜೋಸ್ಟಾ ಇಲ್ಲಿ ಬರುತ್ತದಾ? ನಮ್ಮಲ್ಲೂ ಚಳಿ ಇದೆ. ಕಾಫಿ ತೋಟದ ಅಂಚಿನಲ್ಲಿ ನಾಲ್ಕು ಹಾಕೋಣ ಅಂತ ಆಸೆ.

ಹಿತ್ತಲಗಿಡ
ಬೇಡ ಸರ್, ದುಡ್ಡು ದಂಡ. ಇವಕ್ಕೆ ಚಳಿ ಅಂದರೆ ನಮ್ಮ ಡಿಸೆಂಬರ್ ಬೆಳಗಿನ ಚಳಿ ಸಾಲದು. ಬ್ಲ್ಯಾಕ್‌ಕರಂಟ್‌ಗೆ ಚಳಿಗಾಲದಲ್ಲಿ 7 ಡಿಗ್ರಿಗಿಂತ ಕೆಳಗೆ ಸಾವಿರಕ್ಕೂ ಹೆಚ್ಚು ಗಂಟೆ ಬೇಕು. ಅಷ್ಟು ನಿದ್ದೆ ಆಗದಿದ್ದರೆ ಮೊಗ್ಗು ಸರಿಯಾಗಿ ಒಡೆಯುವುದಿಲ್ಲ. ಜೋಸ್ಟಾವೂ ಅದರ ಮಗುವೇ. ಬಾಬಾಬುಡನ್‌ಗಿರಿಯ ಮೇಲೂ ಅಷ್ಟು ಚಳಿ ಸಿಗಲ್ಲ. ಹಿಪ್ಪುನೇರಳೆ ಹಾಕಿ, ಹಣ್ಣಿಗಾಗಿಯೇ ಬೆಳೆಸುವ ತಳಿ ನೋಡಿ.

ಪರ್ತ್_ಕೆಂಪುಮಣ್ಣು
ಚಳಿ ಕಡಿಮೆಯಾಗುತ್ತಿರುವುದು ಇಲ್ಲೂ ತಲೆನೋವಾಗಿದೆ. ಈ ದೇಶದಲ್ಲಿ ಬೆಳೆಯುವ ಬ್ಲ್ಯಾಕ್‌ಕರಂಟ್‌ನಲ್ಲಿ ದೊಡ್ಡ ಪಾಲು ರೈಬೀನಾ ಪಾನಕಕ್ಕೆ ಹೋಗುತ್ತದೆ. ಚಳಿಗಾಲ ಬೆಚ್ಚಗಾದರೆ ರೈತರಿಗೆ ಬೆಳೆ ಹೋಗುತ್ತದೆ. ಎರಡನೇ ಮಹಾಯುದ್ಧದಲ್ಲಿ ಕಿತ್ತಳೆ ಬರುವುದು ನಿಂತಾಗ ಮಕ್ಕಳಿಗೆ ಸಿ ಜೀವಸತ್ವಕ್ಕಾಗಿ ಸರ್ಕಾರವೇ ಬ್ಲ್ಯಾಕ್‌ಕರಂಟ್ ಪಾನಕ ಹಂಚಿತ್ತು. 100 ಗ್ರಾಂ ಹಣ್ಣಿನಲ್ಲಿ ಸುಮಾರು 180 ಮಿಲಿಗ್ರಾಂ ಇದೆ. ಜೋಸ್ಟಾದಲ್ಲಿ ಗೂಸ್‌ಬೆರಿಗಿಂತ ಜಾಸ್ತಿ, ಆದರೆ ಇಷ್ಟಿಲ್ಲ. ನಾನು ಬ್ಲ್ಯಾಕ್‌ಕರಂಟ್ ಬಿಡಬೇಡಿ ಅನ್ನುವುದಕ್ಕೆ ಇದೂ ಒಂದು ಕಾರಣ.

ಆಲ್ಬನಿ_ರಘು
ಅಮೆರಿಕದಲ್ಲಿರುವವರಿಗೆ ಒಂದು ಮಾತು. ಇಲ್ಲಿ ಕರಂಟ್, ಗೂಸ್‌ಬೆರಿ ಕುಲದ ಗಿಡಗಳಿಗೆ ದಶಕಗಟ್ಟಲೆ ನಿಷೇಧ ಇತ್ತು. ಬಿಳಿ ಪೈನ್ ಮರಕ್ಕೆ ಬರುವ ತುಕ್ಕು ರೋಗದ ಶಿಲೀಂಧ್ರ ಅರ್ಧ ಆಯಸ್ಸನ್ನು ಈ ಗಿಡಗಳ ಮೇಲೆ ಕಳೆಯುತ್ತದೆ, ಅದಕ್ಕೆ. ಕೇಂದ್ರದ ನಿಷೇಧ 1966ರಲ್ಲಿ ಹೋಯಿತು. ನಮ್ಮ ನ್ಯೂಯಾರ್ಕ್ ರಾಜ್ಯ ತೆರೆದದ್ದು 2003ರಲ್ಲಿ. ಮೇನ್‌ನಂತಹ ಕೆಲವು ರಾಜ್ಯಗಳಲ್ಲಿ ನಿರ್ಬಂಧ ಈಗಲೂ ಇದೆ. ತರಿಸುವ ಮುಂಚೆ ನಿಮ್ಮ ರಾಜ್ಯದ ನಿಯಮ ನೋಡಿ. ಜೋಸ್ಟಾ ಆ ತುಕ್ಕನ್ನು ತಡೆದುಕೊಳ್ಳುತ್ತದೆ ಅಂತಲೇ ನಾನು ಅದನ್ನು ಆರಿಸಿಕೊಂಡೆ. ಪೈನ್ ಕಾಡಿನ ಪಕ್ಕದಲ್ಲೇ ನಮ್ಮ ಮನೆ.

ಲೀಡ್ಸ್_ಸುಮಾ
ಇಷ್ಟು ಉತ್ತರ ಬರುತ್ತದೆ ಅಂದುಕೊಂಡಿರಲಿಲ್ಲ. ಜೋಸ್ಟಾದಲ್ಲಿ ಕಷ್ಟವೇ ಇಲ್ಲವಾ ಹಾಗಾದರೆ? ಅದನ್ನೂ ಹೇಳಿಬಿಡಿ.

ಹಿತ್ತಲಗಿಡ
ಇದೆ. ಎಲ್ಲ ಹಣ್ಣೂ ಒಟ್ಟಿಗೆ ಮಾಗಲ್ಲ. ಬ್ಲ್ಯಾಕ್‌ಕರಂಟ್‌ನಲ್ಲಿ ಗೊಂಚಲನ್ನೇ ಎಳೆದರೆ ಬುಟ್ಟಿ ತುಂಬುತ್ತದೆ. ಇದರಲ್ಲಿ ಗೊಂಚಲಿಗೆ ಮೂರೋ ಐದೋ ಹಣ್ಣು, ತೊಟ್ಟು ಬಿಗಿ. ಒಂದೊಂದೇ ಕೀಳಬೇಕು. ಮೊದಲ ಎರಡು ವರ್ಷ ಬರೀ ಸೊಪ್ಪು, ಮೂರನೇ ವರ್ಷ ಹಣ್ಣು. ಹೂ ಬೇಗ ಬಿಡುತ್ತದೆ, ಏಪ್ರಿಲ್ ಹಿಮ ಬಿದ್ದರೆ ಅರ್ಧ ಹೋಗುತ್ತದೆ. ನನಗೆ ಎರಡು ವರ್ಷ ಹಾಗಾಗಿದೆ. ಆ ರಾತ್ರಿಗಳಲ್ಲಿ ಹಳೆ ಬೆಡ್‌ಶೀಟ್ ಹೊದಿಸುತ್ತೇನೆ.

ಹಕ್ಕಿ ಕಾಟವಂತೂ ಇದ್ದೇ ಇದೆ. ಚಳಿಯಲ್ಲಿ ಬುಲ್‌ಫಿಂಚ್ ಮೊಗ್ಗು ತಿನ್ನುತ್ತದೆ. ಬೇಸಿಗೆಯಲ್ಲಿ ಬ್ಲ್ಯಾಕ್‌ಬರ್ಡ್ ಹಣ್ಣು ತಿನ್ನುತ್ತದೆ. ಬಲೆ ಹಾಕಲೇಬೇಕು. ಗಿಡ ಇಷ್ಟು ದೊಡ್ಡದಾದ್ದರಿಂದ ಬಲೆಯೂ ದೊಡ್ಡದೇ ಬೇಕು.

ಹಳೆ_ಕತ್ತರಿ
ಕತ್ತರಿಸುವುದು ಹೇಗೆ ಅಂತ ಯಾರೂ ಹೇಳಲಿಲ್ಲ. ಹೆಚ್ಚಿನವರು ತಪ್ಪುವುದೇ ಅಲ್ಲಿ. ಬ್ಲ್ಯಾಕ್‌ಕರಂಟ್ ಹಣ್ಣು ಬಿಡುವುದು ಹೆಚ್ಚಾಗಿ ಹಿಂದಿನ ವರ್ಷದ ಕೊಂಬೆಯಲ್ಲಿ. ಅದಕ್ಕೆ ಪ್ರತಿ ಚಳಿಗಾಲ ಮೂರರಲ್ಲಿ ಒಂದು ಭಾಗ ಹಳೆ ಕೊಂಬೆಯನ್ನು ಬುಡಕ್ಕೇ ತೆಗೆಯುತ್ತೇವೆ. ಜೋಸ್ಟಾ ಹಾಗಲ್ಲ. ಎರಡು ಮೂರು ವರ್ಷದ ಕೊಂಬೆಯ ಗಿಡ್ಡ ಕವಲಿನಲ್ಲೂ ಹಣ್ಣು ಬಿಡುತ್ತದೆ. ಜಾಸ್ತಿ ಕತ್ತರಿಸಿದರೆ ಸೊಪ್ಪೇ ಬರುತ್ತದೆ. ನಾನು ವರ್ಷಕ್ಕೆ ತೀರಾ ಹಳೆಯ ಒಂದೆರಡು ಕೊಂಬೆ ಮಾತ್ರ ತೆಗೆಯುತ್ತೇನೆ. ಮಧ್ಯ ಗಾಳಿ ಆಡಬೇಕು, ಅಷ್ಟೇ.

ಶಿಡ್ಲಘಟ್ಟದವನು
ಕಡ್ಡಿ ನೆಡುವುದು ನಮಗೆ ಹೇಳಿಕೊಡಬೇಕಾ! ರೇಷ್ಮೆ ತೋಟಕ್ಕೆ ಹಿಪ್ಪುನೇರಳೆ ಕಡ್ಡಿ ನೆಟ್ಟ ಕೈ ಇದು. ಲೆಸ್ಟರ್‌ನಲ್ಲಿ ಜೋಸ್ಟಾ ಕಡ್ಡಿ ಹತ್ತು ಹಾಕಿದೆ, ಒಂಬತ್ತು ಬೇರು ಬಿಟ್ಟವು. ಪೆನ್ಸಿಲ್ ದಪ್ಪದ, ಕಳೆದ ವರ್ಷ ಬೆಳೆದ ಕೊಂಬೆ ತಗೊಳ್ಳಿ. 20ರಿಂದ 25 ಸೆಂಟಿಮೀಟರ್ ಉದ್ದ. ಮುಕ್ಕಾಲು ಭಾಗ ಮಣ್ಣೊಳಗೆ ಹೋಗಬೇಕು. ಸುತ್ತ ಕಾಲಲ್ಲಿ ಒತ್ತಿ. ನವೆಂಬರ್ ಒಳ್ಳೆಯ ಸಮಯ, ಫೆಬ್ರವರಿಯಲ್ಲೂ ತಡವಿಲ್ಲ, ಎಲೆ ಒಡೆಯುವ ಮುಂಚೆ ಆಗಬೇಕು.

ಪರ್ತ್_ಕೆಂಪುಮಣ್ಣು
ಕಡ್ಡಿ ಕೊಡುವವರ ಗಿಡ ಆರೋಗ್ಯವಾಗಿದೆಯಾ ನೋಡಿಕೊಳ್ಳಿ. ನನ್ನ ಮೊದಲ ಬ್ಲ್ಯಾಕ್‌ಕರಂಟ್‌ಗೆ ರೋಗ ಬಂದದ್ದೇ ಸ್ನೇಹಿತರು ಪ್ರೀತಿಯಿಂದ ಕೊಟ್ಟ ಕಡ್ಡಿಯಿಂದ. ಬ್ಲ್ಯಾಕ್‌ಕರಂಟ್ ಮಾತ್ರ ಪ್ರಮಾಣಪತ್ರ ಇರುವ ನರ್ಸರಿಯಿಂದಲೇ ತನ್ನಿ.

ಹಿತ್ತಲಗಿಡ ಅವರೇ, ಒಂದು ವಿಷಯ ನಿಮಗೂ ಖುಷಿಯಾಗುತ್ತದೆ. ಕೆಂಟ್‌ನ ಈಸ್ಟ್ ಮಾಲಿಂಗ್ ಸಂಶೋಧನಾ ಕೇಂದ್ರದಲ್ಲಿ ನುಸಿ ತಡೆಯುವ ಗುಣವನ್ನು ಬ್ಲ್ಯಾಕ್‌ಕರಂಟ್ ತಳಿಗಳಿಗೆ ತಂದದ್ದೂ ಗೂಸ್‌ಬೆರಿ ಜೊತೆ ಕೂಡಿಸಿಯೇ. ಪೀಳಿಗೆ ಮೇಲೆ ಪೀಳಿಗೆ ಮತ್ತೆ ಬ್ಲ್ಯಾಕ್‌ಕರಂಟ್‌ಗೇ ಕೂಡಿಸುತ್ತಾ ಹೋದರು. ರುಚಿ ಉಳಿಯಿತು, ಆ ಗುಣವೂ ಬಂತು.

ಹಿತ್ತಲಗಿಡ
ಇದು ನನಗೆ ಗೊತ್ತಿರಲಿಲ್ಲ. ಒಳ್ಳೆ ವಿಷಯ ಹೇಳಿದಿರಿ. ಹಾಗಾದರೆ ನಾವಿಬ್ಬರೂ ಗೂಸ್‌ಬೆರಿಯ ಉಪಕಾರವನ್ನೇ ಹೇಳುತ್ತಿದ್ದೇವೆ. ರುಚಿಯ ವಿಷಯದಲ್ಲಿ ಮಾತ್ರ ನಾನು ಸೋಲಲ್ಲ.

ಲೀಡ್ಸ್_ಸುಮಾ
ತೀರ್ಮಾನ ಮಾಡಿದೆ. ಒಂದು ಮೂಲೆಯಲ್ಲಿ ಒಂದು ಜೋಸ್ಟಾ, ಇನ್ನೊಂದು ಕಡೆ ಎರಡು ಬೆನ್ ಹೋಪ್. ಮಗಳ ಜಾಮ್‌ಗೆ ಬೆನ್ ಹೋಪ್, ನನ್ನ ಗೊಜ್ಜಿಗೆ ಜೋಸ್ಟಾ. ಹಿತ್ತಲಗಿಡ ಅವರೇ, ಎರಡು ಕಡ್ಡಿ ಕಳಿಸುತ್ತೀರಾ? ಅಂಚೆ ಖರ್ಚು ನಾನು ಕೊಡುತ್ತೇನೆ.

ಹಿತ್ತಲಗಿಡ
ನಾಲ್ಕು ಕಳಿಸುತ್ತೇನೆ. ಒದ್ದೆ ಪೇಪರ್ ಸುತ್ತಿ ಇಡುತ್ತೇನೆ. ಬೇಲಿಯಾಚೆ ಅವರೂ ವಿಳಾಸ ಖಾಸಗಿಯಾಗಿ ಕಳಿಸಿ.

ಲೀಡ್ಸ್_ಸುಮಾ
ಹತ್ತು ದಿನ ಆದ ಮೇಲೆ ಬರೆಯುತ್ತಿದ್ದೇನೆ. ನಾನೂ ನಮ್ಮವರೂ ಸೇರಿ ಐದೂ ಗಿಡ ಅಗೆದು ತೆಗೆದೆವು. ಒಂದು ಬೇರು ತೆಗೆಯಲು ಒಂದೂವರೆ ಗಂಟೆ ಹಿಡಿಯಿತು. ಪಕ್ಕದ ಹಿರಿಯರೂ ಗುದ್ದಲಿ ಹಿಡಿದು ಬಂದರು. ಬೆನ್ ಹೋಪ್ ಎರಡನ್ನೂ ಕುಂಡದಲ್ಲಿ ಇದ್ದದ್ದಕ್ಕಿಂತ ಎರಡು ಇಂಚು ಆಳಕ್ಕೆ ನೆಟ್ಟೆ, ಬುಡಕ್ಕೆ ಕೊಟ್ಟಿಗೆ ಗೊಬ್ಬರ ಹಾಕಿದೆ.

ಜೋಸ್ಟಾ ಕಡ್ಡಿ ಇವತ್ತು ತಲುಪಿದವು. ತುಂಬಾ ಥ್ಯಾಂಕ್ಸ್. ಆದರೆ ಮೊಗ್ಗು ಅಷ್ಟು ಸಣ್ಣದಿದೆ, ಯಾವುದು ಮೇಲ್ತುದಿ ಅಂತ ನನಗೆ ಗೊತ್ತಾಗುತ್ತಿಲ್ಲ.

ಹಿತ್ತಲಗಿಡ
ಓರೆಯಾಗಿ ಕತ್ತರಿಸಿದ್ದು ಮೇಲೆ, ನೇರ ಕತ್ತರಿಸಿದ್ದು ಕೆಳಗೆ. ಇವತ್ತೇ ನೆಡಿ, ನಾಳೆ ರಾತ್ರಿ ನಿಮ್ಮ ಕಡೆ ಹಿಮ ಇದೆ.